ಬೆಂಗಳೂರಿಗೆ ಎಷ್ಟು ಬಟ್ಟೆ ಸಾಕು? ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಕ್ಯಾಪ್ಸೂಲ್ ವಾರ್ಡ್‌ರೋಬ್ ಅಂದರೆ ಒಂದಕ್ಕೊಂದು ಹೊಂದುವ ಕೆಲವೇ ಬಟ್ಟೆ ಇಟ್ಟುಕೊಂಡು ಅವನ್ನೇ ತಿರುಗಾ ಮುರುಗಾ ಹಾಕುವುದು. ಲಂಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೂಸಿ ಫೋ 1970ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. 1985ರಲ್ಲಿ ನ್ಯೂಯಾರ್ಕಿನ ಡೊನ್ನಾ ಕರನ್ ಏಳೇ ಉಡುಪುಗಳ ಸಂಗ್ರಹ ತಂದರು. ಈಗ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಂಥ ನೂರಾರು ಪಟ್ಟಿ ಸಿಗುತ್ತವೆ. ಹೆಚ್ಚಿನವುಗಳಲ್ಲಿ ಉಣ್ಣೆಯ ಕೋಟು ಇದೆ, ಬೂಟು ಇದೆ, ದಪ್ಪ ಸ್ವೆಟರ್ ಇದೆ. ಬೇಸಿಗೆಗೊಂದು ಸೆಟ್, ಹಿಮ ಬೀಳುವ ಕಾಲಕ್ಕೊಂದು ಸೆಟ್ ಅಂತಲೂ ಇರುತ್ತದೆ. ಅಲ್ಲಿಯ ಹವೆಗೆ ಅದು ಸರಿಯೇ. ಅದನ್ನೇ ಜಯನಗರಕ್ಕೋ ಯಲಹಂಕಕ್ಕೋ ತಂದರೆ ಅರ್ಧ ಬಟ್ಟೆ ಬೀರುವಿನಲ್ಲೇ ಮಡಚಿ ಕೂತಿರುತ್ತದೆ. ಇನ್ನೊಂದು ಕಡೆ, ಬೆಳಗ್ಗೆ ಆರೂವರೆಯ ಮುಹೂರ್ತಕ್ಕೆ ಹೋಗಬೇಕಾದಾಗ ಹಾಕಿಕೊಳ್ಳೋಕೆ ಏನೂ ಇರುವುದಿಲ್ಲ.

ಕಡಿಮೆ ಬಟ್ಟೆಯಲ್ಲಿ ಬದುಕುವ ಆಲೋಚನೆ ನನಗೆ ತುಂಬಾ ಹಿಡಿಸಿದೆ. ಬಾಡಿಗೆ ಮನೆಯ ಪುಟ್ಟ ಬೀರುವಿಗೂ ಅದು ಒಳ್ಳೆಯದು, ಜೇಬಿಗೂ ಒಳ್ಳೆಯದು. ಆದರೆ ಪಟ್ಟಿಯನ್ನು ನಮ್ಮ ಊರಿನ ಹವೆ, ನಮ್ಮ ಊರಿನ ನಡವಳಿಕೆ ನೋಡಿಯೇ ಮಾಡಬೇಕು.

ಮೊದಲು ಹವೆ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಸರಾಸರಿ 34 ಡಿಗ್ರಿ ಆಸುಪಾಸು, ಜನವರಿಯ ಬೆಳಗಿನ ಜಾವ 16ರ ಆಸುಪಾಸು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೂ ಇದೆ. 1884ರ ಜನವರಿಯಲ್ಲಿ 7.8ಕ್ಕೆ ಇಳಿದದ್ದೂ ಇದೆ. ಅವೆಲ್ಲ ಅಪರೂಪ. ಬಟ್ಟೆ ಆರಿಸುವವರು ಗಮನಿಸಬೇಕಾದದ್ದು ಒಂದೇ ದಿನದೊಳಗಿನ ಏರಿಳಿತವನ್ನು. ಜನವರಿ, ಫೆಬ್ರವರಿಯಲ್ಲಿ ಬೆಳಗ್ಗೆ ಏಳಕ್ಕೆ ಸ್ಕೂಟರ್ ಹತ್ತಿದರೆ ಕೈ ಮರಗಟ್ಟುತ್ತದೆ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಹೊರಗೆ ಬಂದರೆ ನೆತ್ತಿ ಸುಡುತ್ತದೆ. ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ ಇಲ್ಲಿ ಮಾಮೂಲು. ನಡುವೆ ಆಫೀಸಿನ ಎಸಿ ಬೇರೆ, ಮೆಟ್ರೋದ ಎಸಿ ಬೇರೆ. ಒಂದೇ ದಿನದಲ್ಲಿ ಮೂರು ಊರಿನ ಹವೆ ಸಿಗುತ್ತದೆ.

ಮಳೆಯ ಲೆಕ್ಕವೂ ಸ್ವಲ್ಪ ಬೇರೆ. ಜೂನ್, ಜುಲೈಯಲ್ಲಿ ಇಲ್ಲಿ ಜಾಸ್ತಿ ಸೋನೆ ಮಳೆ, ಮೋಡ, ಗಾಳಿ. ಜೋರು ಮಳೆ ಹೊಡೆಯುವುದು ಮೇ ತಿಂಗಳ ಸಂಜೆಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ಬಟ್ಟೆಗೆ ನಿಜವಾದ ಪರೀಕ್ಷೆ ಆ ಜುಲೈಯ ಮಬ್ಬಿನಲ್ಲೇ. ಹಗ್ಗದ ಮೇಲೆ ಹಾಕಿದ ಜೀನ್ಸ್ ಎರಡು ದಿನವಾದರೂ ಸೊಂಟದ ಪಟ್ಟಿಯಲ್ಲಿ ತಣ್ಣಗೇ ಇರುತ್ತದೆ. ಅಪಾರ್ಟ್‌ಮೆಂಟಿನ ಸಣ್ಣ ಬಾಲ್ಕನಿಯಲ್ಲಿ ಒಣಗಿದ ಟವೆಲ್ಲಿಗೆ ಮುಗ್ಗಲು ವಾಸನೆ ಬಂದಿರುತ್ತದೆ. ಬಟ್ಟೆ ಕಡಿಮೆ ಇದ್ದಷ್ಟೂ ಒಗೆಯುವುದು ಬೇಗ ಬೇಗ ಬರುತ್ತದೆ. ಒಗೆದದ್ದು ಒಣಗದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ.

ಹಾಗಾಗಿ ಯಾವುದೇ ಬಟ್ಟೆ ಕೊಳ್ಳುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಎರಡಕ್ಕೂ ಇದು ನಡೆಯುತ್ತಾ? ಜುಲೈಯಲ್ಲಿ ರಾತ್ರಿ ಒಗೆದು ಹಾಕಿದರೆ ನಾಡಿದ್ದಿಗಾದರೂ ಹಾಕಿಕೊಳ್ಳೋಕೆ ಸಿಗುತ್ತಾ? ಬಣ್ಣ, ಫ್ಯಾಶನ್, ಬೆಲೆ ಎಲ್ಲ ಆಮೇಲೆ.

ಬೇರೆ ಊರಿಂದ ಇಲ್ಲಿಗೆ ಬರುವವರಿಗೆ ಒಂದು ಮಾತು. ಮಂಗಳೂರಿನಿಂದ ಬರುವವರ ತೆಳು ಹತ್ತಿ ಬಟ್ಟೆಯೆಲ್ಲ ಇಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಮೇಲೊಂದು ಪದರ ಸೇರಿಸಿದರೆ ಮುಗಿಯಿತು. ಕಲಬುರಗಿ, ರಾಯಚೂರು ಕಡೆಯವರ ತುಂಬುತೋಳಿನ ಹತ್ತಿ ಅಂಗಿಗಳು ಇಲ್ಲಿನ ಚಳಿಗೂ ಬಿಸಿಲಿಗೂ ಸರಿಹೋಗುತ್ತವೆ. ದೆಹಲಿಯಿಂದ ಬರುವವರು ಮಾತ್ರ ದಪ್ಪ ಜಾಕೆಟ್ಟುಗಳನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬರುವುದು ವಾಸಿ.

ಪಟ್ಟಿ ಮಾಡುವ ಮೂರು ದಾರಿ

ಮೊದಲನೆಯದು 33ರ ಲೆಕ್ಕ. ಅಮೆರಿಕದ ಕೋರ್ಟ್ನಿ ಕಾರ್ವರ್ 2010ರಲ್ಲಿ ಶುರು ಮಾಡಿದ ಪದ್ಧತಿ ಇದು. ಮೂರು ತಿಂಗಳಿಗೆ 33 ವಸ್ತು, ಚಪ್ಪಲಿ, ಒಡವೆ ಎಲ್ಲ ಸೇರಿ. ಮೂರು ತಿಂಗಳಾದ ಮೇಲೆ ಋತು ನೋಡಿ ಬದಲಾಯಿಸಬೇಕು. ಶಿಸ್ತು ಕಲಿಯೋಕೆ ಇದು ಒಳ್ಳೆಯದು. ಆದರೆ ಬೆಂಗಳೂರಿನಲ್ಲಿ ಋತು ಬದಲಾದರೂ ಬಟ್ಟೆ ಅಷ್ಟೇನೂ ಬದಲಾಗುವುದಿಲ್ಲ. ಫೆಬ್ರವರಿಯ ಹತ್ತಿ ಕುರ್ತಾವನ್ನು ಆಗಸ್ಟ್‌ನಲ್ಲೂ ಹಾಕಬಹುದು. ಪೆಟ್ಟಿಗೆಯಿಂದ ಇಳಿಸಿ ಹತ್ತಿಸುವ ಕೆಲಸ ಸುಮ್ನೆ ದಂಡ.

ಎರಡನೆಯದು ವರ್ಷಪೂರ್ತಿಗೆ ಒಂದೇ ಸೆಟ್. ನಮ್ಮ ಹವೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಬರುವುದು ಮನೆಯ ಸಮಾರಂಭಗಳಲ್ಲಿ. ಗೃಹಪ್ರವೇಶ, ಸೀಮಂತ, ನಾಮಕರಣ, ಮದುವೆ, ಹಬ್ಬ. ಇವನ್ನೂ ಆ ಮೂವತ್ತು ನಲವತ್ತರೊಳಗೇ ತುರುಕಿದರೆ ಆಫೀಸಿಗೆ ಹಾಕುವ ಬಟ್ಟೆ ಸಾಲುವುದಿಲ್ಲ.

ನನಗೆ ಸರಿ ಕಂಡದ್ದು ಮೂರನೆಯದು. ದಿನದ ಬಟ್ಟೆಗೆ ವರ್ಷಪೂರ್ತಿಯ ಒಂದು ಗಟ್ಟಿ ಸೆಟ್. ಹಬ್ಬ, ಸಮಾರಂಭದ ಬಟ್ಟೆಗೆ ಬೇರೆ ಕಪಾಟು, ಬೇರೆ ಎಣಿಕೆ. ಅಮ್ಮನ ಮದುವೆ ಸೀರೆಯನ್ನು ‘ವರ್ಷದಲ್ಲಿ ಹಾಕಿಲ್ಲ, ಕೊಟ್ಟುಬಿಡು’ ಅನ್ನುವ ನಿಯಮಕ್ಕೆ ಒಪ್ಪಿಸಬಾರದು. ಅದರ ಬೆಲೆ ಎಷ್ಟು ಸಲ ಉಟ್ಟೆವು ಅನ್ನುವುದರ ಮೇಲೆ ನಿಂತಿಲ್ಲ. ಕಡಿಮೆ ಬಟ್ಟೆಯ ಹಟದಲ್ಲಿ ರೇಷ್ಮೆ ಸೀರೆ ಮಾರಿ, ಆಮೇಲೆ ಪ್ರತಿ ಮದುವೆಗೂ ಹೊಸದು ಕೊಳ್ಳುವುದರಲ್ಲಿ ಉಳಿತಾಯವೂ ಇಲ್ಲ.

ಹತ್ತಿ, ಲಿನನ್, ರೇಯಾನ್, ಪಾಲಿಯೆಸ್ಟರ್, ಖಾದಿ

ಇಲ್ಲಿ ಸ್ವಲ್ಪ ನಿಂತು ನೋಡೋಣ. ಬಟ್ಟೆಯ ಜಾತಿ ಸರಿಯಾಗಿದ್ದರೆ ಉಳಿದದ್ದು ಅರ್ಧ ಸಲೀಸು.

ಹತ್ತಿಯೇ ಬುನಾದಿ. ಬೆವರು ಹೀರುತ್ತದೆ, ಮೈಗೆ ತಂಪು, ಒಗೆಯೋಕೆ ಹೆದರಬೇಕಿಲ್ಲ. ಆದರೆ ಹತ್ತಿ ಅಂದಮಾತ್ರಕ್ಕೆ ಎಲ್ಲವೂ ಒಂದಲ್ಲ. ತೆಳುವಾದ ಮಲ್ ಕಾಟನ್ ಜುಲೈಯಲ್ಲೂ ರಾತ್ರಿ ಕಳೆಯುವುದರೊಳಗೆ ಬಹುಮಟ್ಟಿಗೆ ಒಣಗಿರುತ್ತದೆ. ದಪ್ಪ ಟೀ ಶರ್ಟ್, ಹೂಡಿ, ಜೀನ್ಸ್ ಕೂಡ ಹತ್ತಿಯೇ, ಅವು ಒಣಗುವುದಿಲ್ಲ. ಟೀ ಶರ್ಟ್ ಕೊಳ್ಳುವಾಗ ಜಿಎಸ್ಎಂ ಸಂಖ್ಯೆ ಬರೆದಿದ್ದರೆ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಈ ಊರಿಗೆ 160ರಿಂದ 180 ಸಾಕು. 220, 240ರ ದಪ್ಪ ಟೀ ಶರ್ಟ್ ಈಗಿನ ಫ್ಯಾಶನ್ ಇರಬಹುದು, ಒಣಗೋಕೆ ಮಾತ್ರ ಸತಾಯಿಸುತ್ತದೆ.

ಲಿನನ್ ಬೇಸಿಗೆಗೆ ರಾಜ. ಗಾಳಿ ಆಡುತ್ತದೆ, ಬೇಗ ಒಣಗುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಬೆಲೆ ಹತ್ತಿಗಿಂತ ಜಾಸ್ತಿ. ಸುಕ್ಕು ಅದರ ಹುಟ್ಟುಗುಣ. ಬಸ್ಸಿನಲ್ಲಿ ಒಂದು ಗಂಟೆ ಕೂತು ಎದ್ದರೆ ಸೊಂಟದ ಹತ್ತಿರ ಗೆರೆಗಳು ಎದ್ದಿರುತ್ತವೆ. ಆ ಸುಕ್ಕು ನಿಮಗೆ ಒಪ್ಪಿಗೆಯಾದರೆ ಎರಡು ಅಂಗಿ ಇಟ್ಟುಕೊಳ್ಳಿ. ಪ್ರತಿ ಸಲ ಇಸ್ತ್ರಿ ಬೇಕು ಅನ್ನುವವರಾದರೆ ಬೇಡ. ತಿಂಗಳ ಕೊನೆಗೆ ಇಸ್ತ್ರಿ ಅಂಗಡಿಯ ಲೆಕ್ಕ ನೋಡಿದಾಗ ಗೊತ್ತಾಗುತ್ತದೆ. ಹತ್ತಿ, ಲಿನನ್ ಬೆರೆಸಿ ನೇಯ್ದ ಬಟ್ಟೆ ಇಬ್ಬರಿಗೂ ನಡುವಿನ ದಾರಿ.

ರೇಯಾನ್ ಅಂಗಡಿಯಲ್ಲಿ ಬೇಗ ಮನಸ್ಸು ಗೆಲ್ಲುತ್ತದೆ. ಕೈಯಲ್ಲಿ ಹಿಡಿದರೆ ತಣ್ಣಗೆ, ಮೈಮೇಲೆ ಚೆಂದವಾಗಿ ಇಳಿಬೀಳುತ್ತದೆ, ಬೆಲೆಯೂ ಕಡಿಮೆ. ಆನ್‌ಲೈನಿನಲ್ಲಿ ಕಾಣುವ ಅಗ್ಗದ ಕುರ್ತಾಗಳಲ್ಲಿ ಬಹಳಷ್ಟು ಇದೇ. ಇದರ ಕಷ್ಟ ಏನೆಂದರೆ ಒದ್ದೆಯಾದಾಗ ದಾರದ ಶಕ್ತಿ ಕುಗ್ಗುತ್ತದೆ. ವಾಷಿಂಗ್ ಮಷೀನಿನಲ್ಲಿ ಹಿಂಡಿ ಹಿಂಡಿ ಕೆಲವೇ ತಿಂಗಳಲ್ಲಿ ಜಗ್ಗಿಹೋಗುತ್ತದೆ. ಮೊದಲ ಒಗೆತಕ್ಕೇ ಕುಗ್ಗುವುದೂ ಉಂಟು. ನಾಲ್ಕೇ ಕುರ್ತಾ ಇಟ್ಟುಕೊಂಡು ವಾರಕ್ಕೆ ಎರಡು ಸಲ ಒಗೆಯುವವರಿಗೆ ಇದು ಆಗಿಬರುವುದಿಲ್ಲ. ಬೀರುವಿನ ತುಂಬಾ ಬಟ್ಟೆ ಇದ್ದು ಒಂದೊಂದನ್ನು ತಿಂಗಳಿಗೊಮ್ಮೆ ಹಾಕುವವರಿಗೆ ಪರವಾಗಿಲ್ಲ.

ಪಾಲಿಯೆಸ್ಟರ್ ಒಣಗುವುದರಲ್ಲಿ ಎಲ್ಲರಿಗಿಂತ ಮುಂದೆ. ಸುಕ್ಕೂ ಇಲ್ಲ. ಆದರೆ ಬೆವರು ಹೀರುವುದಿಲ್ಲ. ಏಪ್ರಿಲ್‌ನಲ್ಲಿ ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಅರ್ಧ ಗಂಟೆ ನಿಂತರೆ ಕಂಕುಳ ವಾಸನೆ ಶುರುವಾಗುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ರೇನ್‌ಕೋಟಿಗೆ, ವ್ಯಾಯಾಮದ ಬಟ್ಟೆಗೆ, ಮೇಲೆ ಹಾಕುವ ಜಾಕೆಟ್ಟಿಗೆ ಸರಿ. ಮೈಗೆ ತಾಗುವ ಅಂಗಿಗೆ ಬೇಡ. ಪ್ಯಾಂಟಿಗೆ ಮಾತ್ರ ಸ್ವಲ್ಪ ಬೆರೆತಿದ್ದರೆ ಒಳ್ಳೆಯದೇ, ಬೇಗ ಒಣಗುತ್ತದೆ, ಆಕಾರ ಕೆಡುವುದಿಲ್ಲ.

ಖಾದಿ ನನಗೆ ತುಂಬಾ ಇಷ್ಟ. ಕೈಯಲ್ಲಿ ನೂತ ದಾರ ಸ್ವಲ್ಪ ಏರುಪೇರಾಗಿರುತ್ತದೆ, ಆ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ. ಅದಕ್ಕೇ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಬೆಂಗಳೂರಿನ ಏರಿಳಿತಕ್ಕೆ ಇದಕ್ಕಿಂತ ಹೊಂದುವ ಬಟ್ಟೆ ಕಡಿಮೆ. ರಾಷ್ಟ್ರಧ್ವಜದ ಖಾದಿ ನೇಯುವ ಗರಗ, ಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿ ಎರಡೂ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇವೆ. ಖಾದಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಾಗಾಗಿ ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಬೇಕು. ದಪ್ಪ ಖಾದಿ ಮಳೆಗಾಲದಲ್ಲಿ ನಿಧಾನ. ತೆಳುವಾದದ್ದನ್ನು ಆರಿಸಿ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ, ವರ್ಷದ ಖರೀದಿಗೆ ಅದೇ ಸರಿಯಾದ ಕಾಲ.

ಅಂಗಡಿಯಲ್ಲಿ ನೋಡುವುದು ಹೇಗೆ? ಚಿಕ್ಕಪೇಟೆಯಲ್ಲಿ ಥಾನು ಬಿಚ್ಚಿ ಮುಂದೆ ಹರಡಿದಾಗ ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ. ಬಿಟ್ಟಾಗ ಗೆರೆ ಹಾಗೇ ಉಳಿದರೆ ಇಸ್ತ್ರಿ ಪೆಟ್ಟಿಗೆಯ ನೆಂಟಸ್ತನ ಖಾಯಂ. ಟ್ಯೂಬ್‌ಲೈಟಿನ ಕೆಳಗೆ ಎತ್ತಿ ಹಿಡಿಯಿರಿ, ಆ ಕಡೆಯ ಕೈ ಕಂಡರೆ ಒಳಗೆ ಲೈನಿಂಗ್ ಬೇಕು. ಲೈನಿಂಗ್ ಸೇರಿದ ಮೇಲೆ ಒಣಗುವ ಹೊತ್ತೂ ಹೆಚ್ಚುತ್ತದೆ. ಗಾಢ ಬಣ್ಣವಾದರೆ ಕರವಸ್ತ್ರದ ತುದಿ ಒದ್ದೆ ಮಾಡಿ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಉಳಿದ ಬಟ್ಟೆಗಳ ಜೊತೆ ಒಗೆಯೋಕಾಗುವುದಿಲ್ಲ. ಮನೆಗೆ ತಂದ ಮೇಲೂ ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಚಳಿಗೆ ಮೇಲೊಂದು ಪದರ

ದಪ್ಪ ಸ್ವೆಟರ್, ಡೆನಿಮ್ ಜಾಕೆಟ್, ತೆಳು ಜಾಕೆಟ್, ಶಾಲು. ಇವು ನಾಲ್ಕರಲ್ಲಿ ಯಾವುದು? ದಪ್ಪ ಸ್ವೆಟರ್ ಡಿಸೆಂಬರ್, ಜನವರಿಯ ಬೆಳಗಿಗೆ ಮಾತ್ರ, ಒಂಬತ್ತೂವರೆ ಆಗುವಷ್ಟರಲ್ಲಿ ಕೈಯಲ್ಲಿ ಹೊತ್ತು ತಿರುಗಬೇಕು. ಡೆನಿಮ್ ಜಾಕೆಟ್ ನೋಡೋಕೆ ಚೆಂದ, ಮಳೆಯಲ್ಲಿ ನೆನೆದರೆ ಭಾರ, ಒಣಗುವುದೂ ಇಲ್ಲ. ಸ್ಕೂಟರ್, ಬೈಕ್ ಓಡಿಸುವವರಿಗೆ ಗಾಳಿ ತಡೆಯುವ ತೆಳು ಜಿಪ್ ಜಾಕೆಟ್ ಒಂದು ಸಾಕು. ಜುಲೈಯ ಗಾಳಿಗೂ ಜನವರಿಯ ಮಂಜಿಗೂ ಅದೇ ಆಗುತ್ತದೆ, ಮಡಚಿದರೆ ಸೀಟಿನ ಕೆಳಗೆ ಕೂರುತ್ತದೆ.

ಬಸ್ಸು, ಮೆಟ್ರೋದಲ್ಲಿ ಓಡಾಡುವವರಿಗೆ ನನ್ನ ಮತ ಶಾಲಿಗೆ. ಕುರ್ತಾ, ಸೀರೆ, ಅಂಗಿ ಯಾವುದರ ಮೇಲಾದರೂ ಹೊಂದುತ್ತದೆ. ಆಫೀಸಿನಲ್ಲಿ ಎಸಿ ಗಾಳಿ ನೇರ ಕತ್ತಿಗೆ ಬೀಳುವ ಜಾಗದಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ಕುರ್ತಾದ ವೇಲನ್ನೇ ಸ್ವಲ್ಪ ದಪ್ಪದ ಕೈಮಗ್ಗದ್ದು ತೆಗೆದುಕೊಂಡರೆ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ. ಸ್ಕೂಟರ್ ಮೇಲೆ ಮಾತ್ರ ವೇಲನ್ನು ಬ್ಯಾಗಿಗೆ ಹಾಕಿ. ಹಿಂದಿನ ಚಕ್ರಕ್ಕೆ ವೇಲ್ ಸಿಕ್ಕಿ ಆಗುವ ಅಪಘಾತಗಳು ತೀರಾ ಘೋರ.

ಛತ್ರಿಯಾ, ರೇನ್‌ಕೋಟಾ?

ನಡೆಯುವವರಿಗೆ ಛತ್ರಿ, ಗಾಡಿಯವರಿಗೆ ರೇನ್‌ಕೋಟ್. ಆಷಾಢದ ಗಾಳಿಗೆ ಮೂರು ಮಡಿಕೆಯ ಪುಟ್ಟ ಛತ್ರಿ ತಿರುಗಿ ನಿಲ್ಲುತ್ತದೆ, ಆದರೆ ಬ್ಯಾಗಿನಲ್ಲಿ ಹಿಡಿಯುವುದು ಅದೊಂದೇ. ಮೇ, ಸೆಪ್ಟೆಂಬರ್‌ನ ಸಂಜೆ ಮಳೆಗೆ ಬೆಳಗ್ಗೆ ಯಾವ ಸೂಚನೆಯೂ ಇರುವುದಿಲ್ಲ. ಹಾಗಾಗಿ ಜೊತೆಗಿರುವ ಸಣ್ಣ ಛತ್ರಿ ಮನೆಯಲ್ಲಿ ಬಿಟ್ಟುಬಂದ ದೊಡ್ಡ ಛತ್ರಿಗಿಂತ ಮೇಲು.

ರೇನ್‌ಕೋಟಿನಲ್ಲಿ ಮೇಲಂಗಿ, ಪ್ಯಾಂಟು ಬೇರೆ ಬೇರೆ ಇರುವ ಸೆಟ್ ತೆಗೆದುಕೊಳ್ಳಿ. ತಲೆಯಿಂದ ಇಳಿಬಿಡುವ ಪೊಂಚೊ ಗಾಳಿಗೆ ಹಾರುತ್ತದೆ, ಕನ್ನಡಿ ಮುಚ್ಚುತ್ತದೆ. ಹೊಲಿಗೆಯ ಒಳಬದಿಗೆ ಟೇಪ್ ಅಂಟಿಸಿದ್ದಾರಾ ನೋಡಿ. ಟೇಪ್ ಇಲ್ಲದ ರೇನ್‌ಕೋಟ್ ಎಷ್ಟೇ ದಪ್ಪ ಇದ್ದರೂ ತೊಡೆಯ ಹತ್ತಿರ ನೀರು ಬಿಡುತ್ತದೆ. ಎದ್ದು ಕಾಣುವ ಬಣ್ಣ ಆರಿಸಿ. ಮಳೆ ಶುರುವಾದ ಮೇಲೆ ಫ್ಲೈಓವರ್ ಕೆಳಗೆ ಗುಂಪಾಗಿ ನಿಂತು ರೇನ್‌ಕೋಟ್ ಹಾಕಿಕೊಳ್ಳುವುದು ಅಪಾಯ. ಮೋಡ ಕಟ್ಟಿದ್ದು ಕಂಡಾಗಲೇ ಹೊರಡುವ ಮುಂಚೆ ಹಾಕಿಬಿಡಿ.

ಸೀರೆ ಉಡುವವರಿಗೆ

ಬೆಂಗಳೂರಿನ ಒಳ್ಳೆಯ ಗುಣ ಅಂದರೆ ಬಟ್ಟೆಯ ವಿಷಯದಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಟೆಕ್ ಪಾರ್ಕಿನಲ್ಲಿ ಜೀನ್ಸ್, ಟೀ ಶರ್ಟ್, ಕುತ್ತಿಗೆಯಲ್ಲಿ ಐಡಿ ಕಾರ್ಡು. ಅದೇ ಲಿಫ್ಟಿನಲ್ಲಿ ಕುರ್ತಾ, ಅದರ ಪಕ್ಕ ಸೀರೆ. ಸರ್ಕಾರಿ ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ಸೀರೆ, ಚೂಡಿದಾರದ್ದೇ ಮೇಲುಗೈ. ಆಯುಧ ಪೂಜೆ, ಕನ್ನಡ ರಾಜ್ಯೋತ್ಸವದ ದಿನ ಟೆಕ್ ಪಾರ್ಕಿನಲ್ಲೂ ಸೀರೆ, ಪಂಚೆ ಬರುತ್ತವೆ. ಹಾಗಾಗಿ ಪ್ಯಾಂಟು ಹಾಕುವವರಿಗೂ ಎರಡು ಮೂರು ಸೀರೆ ಬೇಕಾಗುತ್ತದೆ. ಯಾವುವು?

ದಿನದ ಬಳಕೆಗೆ ಉಡುಪಿ ಹತ್ತಿ ಸೀರೆ ಒಂದು. ಕರಾವಳಿಯ ಸೆಖೆಗಾಗಿ ಹುಟ್ಟಿದ್ದು, ಅದಕ್ಕೇ ಹಗುರ. ನೂಲು ತೆಳುವಾದಷ್ಟೂ ಕೌಂಟ್ ಸಂಖ್ಯೆ ಜಾಸ್ತಿ. 60, 80 ಕೌಂಟಿನವು ಬೆಂಗಳೂರಿಗೆ ಹದವಾಗಿರುತ್ತವೆ, ಒಗೆದರೆ ಬೇಗ ಒಣಗುತ್ತವೆ. ಗಜೇಂದ್ರಗಡದ ಕಡೆಯ ಪಟ್ಟೆದ ಅಂಚು ಸೀರೆ ಇದಕ್ಕಿಂತ ಸ್ವಲ್ಪ ಗಟ್ಟಿ. ಚೌಕಳಿ, ಅಗಲ ಅಂಚು, ಎರಡು ಬಣ್ಣ. ರಫ್ ಆಗಿ ಉಡೋಕೆ ಅದು ಒಳ್ಳೆಯದು.

ಎರಡೂ ಕಪಾಟಿಗೆ ಸಲ್ಲುವುದು ಇಳಕಲ್ ಸೀರೆ. ಒಡಲು ಹತ್ತಿ, ಸೆರಗು ರೇಷ್ಮೆ. ಬೆಳಗ್ಗೆ ಆಫೀಸಿಗೆ ಉಟ್ಟು ಹಾಗೇ ಸಂಜೆ ಆರತಕ್ಷತೆಗೆ ಹೋಗಬಹುದು. ಕೆಂಪು ಸೆರಗಿನ ಮೇಲೆ ‘ತೋಪು ತೆನೆ’ ಅನ್ನುವ ಬಿಳಿಯ ವಿನ್ಯಾಸ ಕಂಡರೆ ಯಾರಿಗಾದರೂ ಗುರುತು ಸಿಗುತ್ತದೆ. ಕೊಳ್ಳುವಾಗ ಸೆರಗು, ಒಡಲು ಸೇರುವ ಜಾಗವನ್ನು ಹಿಂಬದಿಗೆ ಮಗುಚಿ ಬೆರಳಾಡಿಸಿ ನೋಡಿ. ಒಡಲಿನ ಹಾಸನ್ನೂ (ಉದ್ದಕ್ಕೆ ಓಡುವ ಎಳೆಗಳು) ಸೆರಗಿನ ಹಾಸನ್ನೂ ಮಗ್ಗದ ಮೇಲೆ ಒಂದೊಂದೇ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸಾಲು ಬೆರಳಿಗೆ ಸಣ್ಣಗೆ ತಡೆಯುತ್ತದೆ. ಇಳಕಲ್ಲಿನದೇ ಆದ ಕೆಲಸ ಅದು. ಪ್ರಿಂಟ್ ಹೊಡೆದು ‘ಇಳಕಲ್ ಡಿಸೈನ್’ ಅಂತ ಮಾರುವುದರಲ್ಲಿ ಈ ಸಾಲು ಇರುವುದಿಲ್ಲ. ಅಸಲಿಯಲ್ಲೂ ರೇಷ್ಮೆಯ ಜಾಗದಲ್ಲಿ ಕೃತಕ ರೇಷ್ಮೆ ಹಾಕಿದವು ಬಹಳ ಇವೆ. ಬೆಲೆ ತೀರಾ ಕಡಿಮೆ ಅಂದರೆ ಅದೇ ಅಂದುಕೊಳ್ಳಿ. ತಪ್ಪೇನಿಲ್ಲ, ಗೊತ್ತಿದ್ದು ಕೊಂಡರೆ ಸರಿ. ಗುಳೇದಗುಡ್ಡ ಖಣದ ರವಿಕೆ ಒಂದಿದ್ದರೆ ಇಳಕಲ್ಲಿಗೂ ಉಡುಪಿ ಸೀರೆಗೂ ನಡೆಯುತ್ತದೆ.

ರೇಷ್ಮೆಯಲ್ಲಿ ಒಂದೇ ಸೀರೆ ಅಂದರೆ ನಾನು ಮೈಸೂರು ಸಿಲ್ಕ್ ಅನ್ನುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆ ಅದು, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್ಐಸಿ ನಡೆಸುತ್ತಿದೆ. ಕ್ರೇಪ್ ಬಟ್ಟೆಯಾದ್ದರಿಂದ ಮೆತ್ತಗೆ, ಹಗುರ. ನೆರಿಗೆ ಕೂಡಿಸೋಕೆ ಯಾರ ಸಹಾಯವೂ ಬೇಡ. ಬರೀ ಅಂಚಿನ ಸರಳ ಸೀರೆ ಹತ್ತು ವರ್ಷವಾದರೂ ಹಳೆಯದು ಅನ್ನಿಸುವುದಿಲ್ಲ. ಕಾಂಚೀಪುರಂ ಸೀರೆ ಮದುಮಗಳ ಮನೆಯವರಿಗೆ ಶೋಭೆ, ಆದರೆ ಭಾರ. ಮದುವೆಗೆ ಮೆಟ್ರೋದಲ್ಲಿ ಹೋಗಿ ಊಟ ಮುಗಿಸಿ ವಾಪಸ್ ಬರುವ ಅತಿಥಿಗೆ ಮೈಸೂರು ಸಿಲ್ಕ್ ಹಿತ. ಬೇರೆ ಯಾವ ರೇಷ್ಮೆ ಕೊಂಡರೂ ಶುದ್ಧ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಇದೆಯಲ್ಲ, ಆ ಹೆಸರಿನ ಕೇಂದ್ರ ರೇಷ್ಮೆ ಮಂಡಳಿಯೇ ಈ ಗುರುತಿನ ಹಿಂದೆ ಇರುವುದು.

ರವಿಕೆಯ ಬಗ್ಗೆ ಇನ್ನೊಂದು ಮಾತು. ಸೀರೆಗೊಂದು ರವಿಕೆ ಅಂತ ಹೊಲಿಸಿದರೆ ಬಟ್ಟೆ ಕಡಿಮೆಯಾಗುವುದೇ ಇಲ್ಲ. ಕಪ್ಪು, ಕುಂಕುಮ ಕೆಂಪು, ಚಿನ್ನದ ಬಣ್ಣ, ಮೂರು ರವಿಕೆ ಚೆನ್ನಾಗಿ ಅಳತೆಗೆ ಹೊಲಿಸಿಕೊಳ್ಳಿ. ಆರೇಳು ಸೀರೆಗೆ ಸಾಕಾಗುತ್ತದೆ. ಒಳಗೆ ಎರಡು ಕಡೆ ಮಾರ್ಜಿನ್ ಬಿಡಿಸಿ, ಮೈ ಬದಲಾದರೆ ಬಿಚ್ಚಿಸಬಹುದು.

ಗಂಡಸರಿಗೆ

ಮದುವೆಗೆ ಎರಡು ಹೊತ್ತಿದೆ, ಉಡುಪೂ ಎರಡು ಥರ. ಬೆಳಗಿನ ಮುಹೂರ್ತಕ್ಕೆ ಪಂಚೆ, ಶಲ್ಯ ಅಥವಾ ಜುಬ್ಬಾ. ಸಂಜೆ ಆರತಕ್ಷತೆಗೆ ಹೆಚ್ಚಿನವರು ಬ್ಲೇಜರ್ ಕೊಳ್ಳುತ್ತಾರೆ. ನನ್ನ ಕೇಳಿದರೆ ನೆಹರೂ ಜಾಕೆಟ್ ಒಂದು ಸಾಕು. ಜುಬ್ಬಾದ ಮೇಲೂ ಹೊಂದುತ್ತದೆ, ಬಿಳಿ ಶರ್ಟಿನ ಮೇಲೂ ಹೊಂದುತ್ತದೆ, ತೋಳಿಲ್ಲದ್ದರಿಂದ ಮೇ ತಿಂಗಳ ಕಲ್ಯಾಣ ಮಂಟಪದಲ್ಲೂ ಸಹಿಸಬಹುದು. ಕೆಲಸಕ್ಕೆ ಬ್ಲೇಜರ್ ಬೇಕೇ ಬೇಕು ಅನ್ನುವವರ ಮಾತು ಬೇರೆ, ಅವರು ಲೈನಿಂಗ್ ಅರ್ಧ ಇರುವುದನ್ನು ಹುಡುಕಲಿ.

ಪಂಚೆ ಹತ್ತಿಯದೇ ಇರಲಿ. ಮಿನುಗುವ ಪಾಲಿಯೆಸ್ಟರ್ ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ, ದಿನವಿಡೀ ಹಿಡಿದುಕೊಂಡೇ ಓಡಾಡಬೇಕು. ಉಡುಪಿ, ಕೊಲ್ಲೂರಿನ ಕಡೆ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ರೂಢಿ ಇದೆ, ಅಲ್ಲಿಗೂ ಪಂಚೆ, ಶಲ್ಯವೇ ಸಲೀಸು.

ಪ್ಯಾಂಟಿನಲ್ಲಿ ಜೀನ್ಸ್ ಎರಡಕ್ಕಿಂತ ಹೆಚ್ಚು ಬೇಡ. ತೆಳು ಹತ್ತಿಯ ಚಿನೋ ಪ್ಯಾಂಟು ಮೂರು ಇರಲಿ, ಕಡು ನೀಲಿ, ಬೂದು, ಖಾಕಿ. ತುಂಬುತೋಳಿನ ಅಂಗಿಯನ್ನು ಮಡಚಿದರೆ ಅರ್ಧ ತೋಳಾಗುತ್ತದೆ, ಅರ್ಧ ತೋಳನ್ನು ಉದ್ದ ಮಾಡೋಕಾಗುವುದಿಲ್ಲ. ಈ ಊರಿನ ಬೆಳಗಿಗೂ ಮಧ್ಯಾಹ್ನಕ್ಕೂ ತುಂಬುತೋಳೇ ಸರಿ.

ಕಾಲಿಗೆ

ಮೂರು ಜೊತೆ ಸಾಕು. ನೀರಿಗೆ ಹೆದರದ, ಹಿಂದೆ ಪಟ್ಟಿ ಇರುವ ಸ್ಯಾಂಡಲ್, ನಡೆಯೋಕೆ ಶೂ, ಸಮಾರಂಭಕ್ಕೆ ಒಂದು. ಚರ್ಮದ ಶೂ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗೆ ಪೇಪರ್ ಉಂಡೆ ಮಾಡಿ ತುರುಕಿಡಿ. ಸೋಲ್ ನಯವಾಗಿರುವುದನ್ನು ತೆಗೆದುಕೊಳ್ಳಬೇಡಿ. ಮಳೆಯಲ್ಲಿ ನಮ್ಮ ಫುಟ್‌ಪಾತಿನ ಕಲ್ಲುಗಳು ಜಾರುತ್ತವೆ.

ಎಣಿಕೆ

ವಾರಕ್ಕೆ ಐದು ದಿನ ಆಫೀಸಿಗೆ ಹೋಗುವ ಹೆಣ್ಣುಮಗಳಿಗೆ ನಾನು ಹೇಳುವ ಲೆಕ್ಕ ಹೀಗಿದೆ. ಕುರ್ತಾ, ಅಂಗಿ ಸೇರಿ ಎಂಟು, ಟೀ ಶರ್ಟ್ ನಾಲ್ಕು, ಪ್ಯಾಂಟು, ಪಲಾಜೊ ಸೇರಿ ಐದು, ದಿನದ ಸೀರೆ ಎರಡು, ವೇಲ್ ಮೂರು, ಶಾಲು ಒಂದು, ಜಾಕೆಟ್ ಒಂದು. ಗಂಡಸರಿಗೆ ಅಂಗಿ ಏಳು, ಟೀ ಶರ್ಟ್ ಐದು, ಪ್ಯಾಂಟು ಐದು, ಜಾಕೆಟ್ ಒಂದು. ಒಳ ಉಡುಪು, ಮನೆಯ ನೈಟಿ, ಲುಂಗಿ ಲೆಕ್ಕಕ್ಕಿಲ್ಲ, ಆದರೆ ಒಳ ಉಡುಪು ಹತ್ತು ದಿನಕ್ಕೆ ಸಾಲುವಷ್ಟು ಇರಲೇಬೇಕು, ಮಳೆಗಾಲದಲ್ಲಿ ಮೊದಲು ಕೈಕೊಡುವುದು ಅದೇ. ಮನೆಯಲ್ಲೇ ಒಗೆದು ಬಾಲ್ಕನಿಯಲ್ಲಿ ಒಣಗಿಸುವವರು ಮೇಲಿನ ಅಂಗಿ ಎರಡು ಜಾಸ್ತಿ ಇಟ್ಟುಕೊಳ್ಳಿ. ತಾರಸಿಯ ಮೇಲೆ ಬಿಸಿಲು, ಗಾಳಿ ಸಿಗುವವರಿಗೆ ಎರಡು ಕಡಿಮೆಯೂ ಆದೀತು.

ಬಣ್ಣದಲ್ಲಿ ಆ ವಿದೇಶಿ ಪಟ್ಟಿಗಳ ಬಿಳಿ, ಬೂದು, ಕಪ್ಪನ್ನೇ ಹಿಡಿದು ಕೂರಬೇಕಿಲ್ಲ. ಬಿಳಿ ಅಂಗಿ ಈ ಊರಿನ ಧೂಳಿಗೆ ಸಂಜೆಯೊಳಗೆ ಕಾಲರ್ ಮಾಸುತ್ತದೆ. ಪ್ಯಾಂಟು ಕಡು ಬಣ್ಣದಲ್ಲಿರಲಿ, ಮೇಲಿನದು ಅರಿಶಿನ, ಇಟ್ಟಿಗೆ ಕೆಂಪು, ನವಿಲು ಹಸಿರು ಯಾವುದಾದರೂ ಆಗಲಿ. ನಮ್ಮ ಮೈಬಣ್ಣಕ್ಕೆ ಅವು ಎದ್ದು ಕಾಣುತ್ತವೆ.

ಎಲ್ಲಿ, ಯಾವಾಗ

ಕೈಮಗ್ಗಕ್ಕೆ ಸರ್ಕಾರದ ಪ್ರಿಯದರ್ಶಿನಿ ಮಳಿಗೆಗಳು, ಖಾದಿ ಭಂಡಾರಗಳು. ಥಾನಿನ ಬಟ್ಟೆ, ಲೈನಿಂಗಿಗೆ ಚಿಕ್ಕಪೇಟೆ. ಸಿದ್ಧ ಉಡುಪಿಗೆ ಕಮರ್ಷಿಯಲ್ ಸ್ಟ್ರೀಟ್, ಜಯನಗರ 4ನೇ ಬ್ಲಾಕ್, ಮಲ್ಲೇಶ್ವರದ ಸಂಪಿಗೆ ರಸ್ತೆ. ಆನ್‌ಲೈನಿನಲ್ಲಿ ಬಟ್ಟೆ ಮುಟ್ಟಿ ನೋಡೋಕಾಗದು, ಹಾಗಾಗಿ ಅಳತೆ ಮತ್ತು ಬಟ್ಟೆಯ ಗುಣ ಮೊದಲೇ ಗೊತ್ತಿರುವ ಟೀ ಶರ್ಟ್, ಪ್ಯಾಂಟಿನಂಥವಕ್ಕೆ ಮಾತ್ರ ಅದನ್ನು ನೆಚ್ಚಿ.

ಆಷಾಢದಲ್ಲಿ ಶುಭಕಾರ್ಯ ಕಡಿಮೆ, ಅಂಗಡಿಗಳಲ್ಲಿ ವ್ಯಾಪಾರವೂ ಕಡಿಮೆ. ಅದಕ್ಕೇ ಆಷಾಢ ಸೇಲ್ ಬರುವುದು. ಸಮಾರಂಭದ ಸೀರೆ, ಪಂಚೆಗೆ ಅದು ಒಳ್ಳೆಯ ಕಾಲ, ಪಟ್ಟಿ ಬರೆದುಕೊಂಡು ಹೋಗುವುದಾದರೆ. ರೆಡಿಮೇಡಿಗೂ ಹೊಲಿಸುವುದಕ್ಕೂ ಹೋಲಿಸಿದರೆ, ಕಡಿಮೆ ಬಟ್ಟೆಯವರಿಗೆ ಹೊಲಿಸಿದ್ದೇ ಮೇಲು. ಮೈಗೆ ಕೂತ ಅಂಗಿಯನ್ನು ವರ್ಷಗಟ್ಟಲೆ ಹಾಕುತ್ತೇವೆ. ಕುರ್ತಾಗೆ ಎರಡೂ ಬದಿ ಜೇಬು ಇಡಿಸಿ, ಸ್ಕೂಟರ್ ಓಡಿಸುವವರಾದರೆ ಬದಿಯ ಸೀಳನ್ನು ಸ್ವಲ್ಪ ಮೇಲಕ್ಕೆ ಬಿಡಿಸಿ. ಚೆನ್ನಾಗಿ ಕೂತ ಹಳೆಯ ಅಂಗಿಯೊಂದನ್ನು ಅಳತೆಗೆ ಕೊಡಿ. ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದರೆ ಟೈಲರುಗಳು ಹೊಸ ಬಟ್ಟೆ ಹಿಡಿಯುವುದೇ ಇಲ್ಲ, ಹಿಡಿದರೂ ಅವಸರದ ಹೊಲಿಗೆ. ಹಬ್ಬಕ್ಕೆ ಒಂದು ತಿಂಗಳು ಇರುವಾಗಲೇ ಬಟ್ಟೆ ನೆನೆಸಿ, ಒಣಗಿಸಿ, ಕೊಟ್ಟು ಬನ್ನಿ.